ಯುಗಾಂತ್ಯದ ನಿರೀಕ್ಷೆಯೂ ರಾಜ್ಯಗಳ ನೀತಿಯೂ: ಒಂದು ತಪ್ಪು ಉದ್ಧರಣೆಯಿಂದ ಕಲಿತ ಪಾಠ

ಕೆಲವು ವರ್ಷಗಳ ಹಿಂದೆ ಧರ್ಮ ಮತ್ತು ಪ್ರಭುತ್ವಗಳ ಸಂಬಂಧವನ್ನು ಕುರಿತ ವಿಚಾರಸಂಕಿರಣವೊಂದರಲ್ಲಿ ನಾನು ಪ್ರಬಂಧ ಮಂಡಿಸಿದೆ. ಕಾಲವನ್ನು ಕುರಿತ ಕಲ್ಪನೆಯು ಕಾವ್ಯವನ್ನು ಮಾತ್ರವಲ್ಲ, ರಾಜ್ಯಗಳ ನಡೆಯನ್ನೂ ಹೇಗೆ ರೂಪಿಸುತ್ತದೆ ಎಂಬುದು ನನ್ನ ವಿಷಯವಾಗಿತ್ತು. ಪಂಪನ ಆದಿಪುರಾಣದಲ್ಲಿ ಬರುವ ಕಾಲಚಕ್ರದ ನಿರೂಪಣೆಯಿಂದ ಆರಂಭಿಸಿ, ಅದಕ್ಕೆ ಪ್ರತಿಯಾಗಿ ಪಶ್ಚಿಮದ ಕ್ರೈಸ್ತಲೋಕದಲ್ಲಿ ಬೆಳೆದ ಯುಗಾಂತ್ಯದ ನಂಬಿಕೆಯನ್ನು ಇರಿಸಿದೆ. ಅಮೆರಿಕದ ರಾಜಕಾರಣಿಗಳು ಲೋಕದ ಅಂತ್ಯವನ್ನು ಎದುರುನೋಡುತ್ತ ಯುದ್ಧನೀತಿಯನ್ನೂ ಪರಿಸರನೀತಿಯನ್ನೂ ರೂಪಿಸುತ್ತಾರೆ ಎಂದು ಹೇಳಿ, ಅದಕ್ಕೆ ನಿದರ್ಶನವಾಗಿ ರೇಗನ್ ಸರ್ಕಾರದಲ್ಲಿ ಒಳನಾಡು ವ್ಯವಹಾರಗಳ ಸಚಿವರಾಗಿದ್ದ ಜೇಮ್ಸ್ ವಾಟ್ ಅವರ ಮಾತೊಂದನ್ನು ಓದಿದೆ. ಕೊನೆಯ ಮರವನ್ನು ಕಡಿದ ಬಳಿಕ ಕ್ರಿಸ್ತನು ಮರಳಿ ಬರುತ್ತಾನೆ ಎಂಬರ್ಥದ ಮಾತು ಅದು. ಸಭೆ ನಕ್ಕಿತು. ನನಗೂ ಸಂತೋಷವಾಯಿತು.

ಚಹಾ ವಿರಾಮದಲ್ಲಿ ದಕ್ಷಿಣ ಕನ್ನಡದ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದಳು. ಆಕೆಯದು ಬಾಸೆಲ್ ಮಿಷನ್ ಪರಂಪರೆಯ ಕುಟುಂಬ. "ಸರ್, ನೀವು ಓದಿದ ಆ ಮಾತು ಎಲ್ಲಿದೆ?" ಎಂದು ಕೇಳಿದಳು. ಒಂದು ಲೇಖನದಲ್ಲಿ ಓದಿದ್ದೆ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನಮ್ಮ ಅಜ್ಜಿ ಪ್ರತಿರಾತ್ರಿ ಕರ್ತನ ರಾಜ್ಯ ಬರಲಿ ಎಂದು ಪ್ರಾರ್ಥನೆ ಮಾಡಿಯೇ ಮಲಗುವುದು. ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಹಿತ್ತಿಲಿನ ಗಿಡಗಳಿಗೆ ನೀರು ಹಾಕುವುದು. ನೀವು ಹೇಳಿದ್ದರಲ್ಲಿ ಅವರು ಎಲ್ಲಿ ಬರುತ್ತಾರೆ?" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಆದ್ದರಿಂದಲೇ ಅದು ನನ್ನನ್ನು ಹೆಚ್ಚು ಕಾಡಿತು. ಇಪ್ಪತ್ತೈದು ವರ್ಷಗಳಿಂದ ಗ್ರಂಥಸಂಪಾದನ ಶಾಸ್ತ್ರವನ್ನು ಪಾಠ ಮಾಡುತ್ತಿರುವ ನಾನು, ಮೂಲವನ್ನು ನೋಡದೆ ಉದ್ಧರಿಸಬಾರದೆಂದು ವಿದ್ಯಾರ್ಥಿಗಳಿಗೆ ವರ್ಷಕ್ಕೆ ಹತ್ತು ಬಾರಿ ಹೇಳುವ ನಾನು, ತುಂಬಿದ ಸಭೆಯಲ್ಲಿ ಆಧಾರವಿಲ್ಲದ ಪಾಠವೊಂದನ್ನು ಓದಿದ್ದೆ.

ಊರಿಗೆ ಮರಳಿದ ಮೇಲೆ ಹುಡುಕಿದೆ. ವಾಟ್ 1981ರ ಫೆಬ್ರವರಿಯಲ್ಲಿ ಅಮೆರಿಕದ ಪ್ರತಿನಿಧಿಸಭೆಯ ಸಮಿತಿಯೊಂದರ ಮುಂದೆ ಹೇಳಿದ್ದು ಬೇರೆಯೇ ಆಗಿತ್ತು. ಕರ್ತನು ಮರಳಿ ಬರುವ ಮುನ್ನ ಇನ್ನೆಷ್ಟು ತಲೆಮಾರುಗಳು ಉಳಿದಿವೆಯೋ ತಾನರಿಯೆ. ಎಷ್ಟೇ ಇರಲಿ, ಮುಂದಿನ ತಲೆಮಾರುಗಳಿಗೆ ಬೇಕಾದ ಸಂಪನ್ಮೂಲಗಳು ಉಳಿಯುವಂತೆ ಜಾಣ್ಮೆಯಿಂದ ನಿರ್ವಹಿಸಬೇಕು ಎಂಬುದು ಆ ಮಾತಿನ ತಾತ್ಪರ್ಯ. ಮೊದಲರ್ಧವನ್ನು ಮಾತ್ರ ಉಳಿಸಿಕೊಂಡು ಉತ್ತರಾರ್ಧವನ್ನು ಕೈಬಿಟ್ಟವರು ಹಲವರು. ಕಡಿದ ಮರದ ಮಾತು ಆ ಸಾಕ್ಷ್ಯದಲ್ಲಿ ಇಲ್ಲವೇ ಇಲ್ಲ. ಅದು ಅನಂತರ ಬಂದ ಪ್ರಕ್ಷೇಪ. ಹೆಸರಾಂತ ಪತ್ರಕರ್ತ ಬಿಲ್ ಮೊಯರ್ಸ್ 2004ರಲ್ಲಿ ಭಾಷಣವೊಂದರಲ್ಲಿ ಅದನ್ನೇ ಹೇಳಿ, ತಪ್ಪೆಂದು ತಿಳಿದ ಬಳಿಕ 2005ರಲ್ಲಿ ವಾಟ್ ಅವರ ಕ್ಷಮೆ ಕೇಳಿದ್ದರು. ಅಂದರೆ ಕ್ಷಮಾಪಣೆಯೂ ಪ್ರಕಟವಾಗಿ ಬಹುಕಾಲ ಕಳೆದ ಮೇಲೆ ನಾನು ಆ ಹುಸಿಪಾಠವನ್ನು ಪುನಃ ಚಲಾವಣೆಗೆ ತಂದಿದ್ದೆ. ವಾಟ್ ಅವರ ಗಣಿಗಾರಿಕೆಯ ನೀತಿಯನ್ನು ಟೀಕಿಸಲು ಬೇಕಾದಷ್ಟು ಕಾರಣಗಳಿವೆ. ಆದರೆ ಆಡದ ಮಾತನ್ನು ಅವರ ಬಾಯಿಗೆ ಇಡುವುದಕ್ಕೆ ಕಾರಣವಿಲ್ಲ.

ಆ ವಿದ್ಯಾರ್ಥಿನಿಗೆ ಪತ್ರ ಬರೆದು ತಪ್ಪನ್ನು ಒಪ್ಪಿಕೊಂಡೆ. ಆದರೆ ಅಷ್ಟಕ್ಕೆ ವಿಷಯ ಮುಗಿಯಲಿಲ್ಲ. ನಿದರ್ಶನ ಸುಳ್ಳಾದರೆ ಪ್ರಮೇಯವೂ ಸುಳ್ಳಾಗಬೇಕೆಂದಿಲ್ಲವಷ್ಟೆ. ಯುಗಾಂತ್ಯದ ನಂಬಿಕೆ ನಿಜವಾಗಿಯೂ ರಾಜ್ಯಗಳ ವಿದೇಶನೀತಿಯನ್ನು ಪ್ರಭಾವಿಸಿದೆಯೇ? ಪ್ರಭಾವಿಸಿದ್ದರೆ ಹೇಗೆ? ಈ ಪ್ರಶ್ನೆಗಳನ್ನು ಹಿಡಿದು ಬಿಡುವಿನ ವೇಳೆಯಲ್ಲಿ ನಡೆಸಿದ ಓದಿನ ಫಲ ಈ ಬರಹ. ನಾನು ದೈವಶಾಸ್ತ್ರಜ್ಞನಲ್ಲ, ರಾಜ್ಯಶಾಸ್ತ್ರದವನೂ ಅಲ್ಲ. ಪಠ್ಯ, ಪಾಠಾಂತರ, ಟೀಕೆ, ವ್ಯಾಖ್ಯಾನಗಳ ನಡುವೆ ಬದುಕಿದ ಕನ್ನಡ ಮೇಷ್ಟ್ರು. ಆ ಕಣ್ಣಿಗೆ ಕಂಡದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

*

ಮೊದಲು ನಂಬಿಕೆಯ ಸ್ವರೂಪವನ್ನು ಗುರುತಿಸಿಕೊಳ್ಳಬೇಕು. ಕ್ರಿಸ್ತನು ಮರಳಿ ಬರುವನೆಂಬುದು ಕ್ರೈಸ್ತಧರ್ಮದ ಎಲ್ಲ ಶಾಖೆಗಳಿಗೂ ಸಾಮಾನ್ಯವಾದ ವಿಶ್ವಾಸ. ಭಿನ್ನತೆ ಇರುವುದು ಆತನು ಯಾವಾಗ, ಯಾವ ಕ್ರಮದಲ್ಲಿ ಬರುತ್ತಾನೆ ಎಂಬಲ್ಲಿ. ಹೊಸ ಒಡಂಬಡಿಕೆಯ ಕೊನೆಯ ಗ್ರಂಥವಾದ ಪ್ರಕಟನೆಯ 20ನೆಯ ಅಧ್ಯಾಯದಲ್ಲಿ ಸಾವಿರ ವರ್ಷಗಳ ಆಳ್ವಿಕೆಯ ಪ್ರಸ್ತಾಪವಿದೆ. ಐದನೆಯ ಶತಮಾನದ ಸಂತ ಅಗಸ್ಟೀನನು ಇದನ್ನು ಸಂಕೇತವಾಗಿ ಗ್ರಹಿಸಿ, ಚರ್ಚಿನ ಕಾಲವೇ ಆ ಸಾವಿರ ವರ್ಷವೆಂದು ವ್ಯಾಖ್ಯಾನಿಸಿದ. ಕ್ಯಾಥೊಲಿಕ್ ಪರಂಪರೆ ಬಹುಮಟ್ಟಿಗೆ ಅದೇ ದಾರಿಯಲ್ಲಿ ನಡೆಯಿತು. ಅಮೆರಿಕದ ಹತ್ತೊಂಬತ್ತನೆಯ ಶತಮಾನದ ಅನೇಕ ಪ್ರಾಟೆಸ್ಟಂಟರು, ಮನುಷ್ಯಪ್ರಯತ್ನದಿಂದಲೇ ಲೋಕ ಸುಧಾರಿಸಿ ಸಾವಿರ ವರ್ಷಗಳ ಸುಭಿಕ್ಷ ಒದಗುವುದೆಂದೂ ಕ್ರಿಸ್ತನ ಆಗಮನ ಆಮೇಲೆ ಎಂದೂ ನಂಬಿದ್ದರು. ಇನ್ನೊಂದು ಪಂಗಡ ಇದಕ್ಕೆ ವಿರುದ್ಧವಾಗಿ, ಲೋಕ ಕೆಡುತ್ತ ಹೋಗಿ ಮಹಾಸಂಕಟವೊದಗಿದ ಬಳಿಕ ಕ್ರಿಸ್ತನು ಬಂದು ತಾನೇ ಸಾವಿರ ವರ್ಷ ಆಳುವನೆಂದು ನಂಬಿತು. ವಿದೇಶನೀತಿಯ ಚರ್ಚೆಯಲ್ಲಿ ನಮಗೆ ಎದುರಾಗುವುದು ಮುಖ್ಯವಾಗಿ ಈ ಕೊನೆಯ ಪಂಗಡದ ಒಂದು ಕವಲು.

ಆ ಕವಲಿಗೆ ಕ್ರಮಬದ್ಧ ರೂಪ ಕೊಟ್ಟವನು ಜಾನ್ ನೆಲ್ಸನ್ ಡಾರ್ಬಿ. 1800ರಲ್ಲಿ ಹುಟ್ಟಿ 1882ರಲ್ಲಿ ತೀರಿಕೊಂಡ ಈ ಆಂಗ್ಲೋ-ಐರಿಷ್ ಬೋಧಕ ಇತಿಹಾಸವನ್ನು ದೈವಯೋಜನೆಯ ಹಲವು ಕಾಲಘಟ್ಟಗಳಾಗಿ ವಿಂಗಡಿಸಿದ. ಇಸ್ರೇಲ್ ಜನಾಂಗಕ್ಕೊಂದು ಯೋಜನೆ, ಚರ್ಚಿಗೊಂದು ಯೋಜನೆ. ಈಗ ನಡೆಯುತ್ತಿರುವುದು ಚರ್ಚಿನ ಕಾಲವಾದ್ದರಿಂದ ಪ್ರವಾದನೆಯ ಗಡಿಯಾರ ನಿಂತಿದೆ. ನಿಜವಿಶ್ವಾಸಿಗಳು ಯಾವ ಕ್ಷಣದಲ್ಲಾದರೂ ಆಕಾಶಕ್ಕೆ ಎತ್ತಲ್ಪಡುತ್ತಾರೆ. ಆಮೇಲೆ ಗಡಿಯಾರ ಪುನಃ ಚಲಿಸಿ, ಏಳು ವರ್ಷಗಳ ಸಂಕಟವೂ ಕ್ರಿಸ್ತವಿರೋಧಿಯ ಆಳ್ವಿಕೆಯೂ ಕೊನೆಗೆ ಹರ್ಮಗೆದೋನಿನ ಕದನವೂ ನಡೆಯುತ್ತವೆ. ಇದು ಅವನ ವ್ಯವಸ್ಥೆಯ ಸಾರ. ಈ ವ್ಯವಸ್ಥೆಗೆ ಒಂದು ಅನುಕೂಲವಿತ್ತು. ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ನ್ನು ಕ್ರಿಸ್ತಾಗಮನದ ದಿನವೆಂದು ನಂಬಿ ಕಾದು ನಿರಾಶರಾಗಿದ್ದರು. ದಿನಾಂಕ ಹೇಳದ ಡಾರ್ಬಿಯ ಬೋಧನೆಗೆ ಆ ಬಗೆಯ ಭಂಗದ ಭಯವಿರಲಿಲ್ಲ. ದಿನಾಂಕದ ಬದಲು ಅದು ಲಕ್ಷಣಗಳನ್ನು ನೋಡಲು ಹೇಳಿತು. ಲಕ್ಷಣಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಯಹೂದ್ಯರು ಪ್ಯಾಲೆಸ್ಟೈನಿಗೆ ಮರಳುವುದು. ಧರ್ಮಬೋಧೆಯು ಭೂಪಟದ ಮೇಲೆ ಕಣ್ಣಿಟ್ಟದ್ದು ಹೀಗೆ.

ಇಲ್ಲಿ ಪಠ್ಯಶಾಸ್ತ್ರದವನಿಗೆ ಕುತೂಹಲ ಹುಟ್ಟಿಸುವ ಸಂಗತಿಯೊಂದಿದೆ. ಜಗತ್ತಿನ ಪತ್ರಿಕೆಗಳೆಲ್ಲ ಬಳಸುವ 'ಹರ್ಮಗೆದೋನ್' ಎಂಬ ಹೆಸರು ಬೈಬಲಿನಲ್ಲಿ ಬರುವುದು ಒಂದೇ ಒಂದು ಕಡೆ, ಪ್ರಕಟನೆಯ 16ನೆಯ ಅಧ್ಯಾಯದ 16ನೆಯ ವಚನದಲ್ಲಿ. ವಿಶ್ವಾಸಿಗಳು ಮೇಲಕ್ಕೆ ಎತ್ತಲ್ಪಡುವ ಮಾತು ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲಿದೆ. ಗೋಗ್ ಮತ್ತು ಮಾಗೋಗರ ದಾಳಿ ಯೆಹೆಜ್ಕೇಲನ 38, 39ನೆಯ ಅಧ್ಯಾಯಗಳಲ್ಲಿದೆ. ಏಳು ವರ್ಷಗಳ ಲೆಕ್ಕ ದಾನಿಯೇಲನಿಂದ ಬಂದದ್ದು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಸಂಕಟಗಳ ನಡುವೆ ರಚಿತವಾದ ಈ ವಾಕ್ಯಗಳನ್ನು ಒಂದೇ ದಾರದಲ್ಲಿ ಪೋಣಿಸಿ ಕಥೆಯಾಗಿಸಿದ್ದು ವ್ಯಾಖ್ಯಾನ. ಆ ವ್ಯಾಖ್ಯಾನಕ್ಕೆ ಮೂಲದ ಗೌರವ ತಂದುಕೊಟ್ಟದ್ದು ಸೈರಸ್ ಸ್ಕೋಫೀಲ್ಡನ ಟಿಪ್ಪಣಿಸಹಿತ ಬೈಬಲ್. 1909ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಿಸಿದ ಈ ಆವೃತ್ತಿಯಲ್ಲಿ ಟಿಪ್ಪಣಿಗಳು ಮೂಲವಾಕ್ಯಗಳಿರುವ ಪುಟದಲ್ಲೇ ಇದ್ದವು. ಓದುತ್ತ ಓದುತ್ತ ಸಾಮಾನ್ಯ ಓದುಗನಿಗೆ ಮೂಲ ಯಾವುದು, ಟೀಕೆ ಯಾವುದು ಎಂಬ ಭೇದವೇ ಮಾಸಿಹೋಯಿತು. ನಮ್ಮ ಓಲೆಗರಿಗಳಲ್ಲಿ ಅಂಚಿನ ಟಿಪ್ಪಣಿ ಮುಂದಿನ ಪ್ರತಿಕಾರನ ಕೈಯಲ್ಲಿ ಮೂಲದೊಳಗೆ ನುಸುಳುವುದನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಅಲ್ಲಿ ನುಸುಳಿದ್ದು ಹಾಳೆಯೊಳಕ್ಕಲ್ಲ, ಓದುಗರ ಮನಸ್ಸಿನೊಳಕ್ಕೆ. ವ್ಯತ್ಯಾಸ ಅಷ್ಟೆ.

*

ನಂಬಿಕೆ ನೀತಿಯಾಗುವ ಬಗೆಯನ್ನು ತಿಳಿಯಲು ನನಗೆ ಹೆಚ್ಚು ನೆರವಾದದ್ದು ಅಮೆರಿಕದ ಉದಾಹರಣೆಯಲ್ಲ, 1840ರ ಲಂಡನ್ನಿನದು. ಆಗ ಲಾರ್ಡ್ ಆಶ್ಲೀ ಎಂದು ಕರೆಯಲ್ಪಡುತ್ತಿದ್ದ, ಮುಂದೆ ಶಾಫ್ಟ್ಸ್‌ಬರಿಯ ಏಳನೆಯ ಅರ್ಲ್ ಆದ ಆಂಥನಿ ಆಶ್ಲೀ ಕೂಪರ್ ಕಾರ್ಖಾನೆಯ ಬಾಲಕಾರ್ಮಿಕರ ಪರವಾಗಿ ಹೋರಾಡಿದ ಸಮಾಜಸುಧಾರಕ. ಕ್ರಿಸ್ತನ ಆಗಮನಕ್ಕೆ ಮುನ್ನ ಯಹೂದ್ಯರು ತಮ್ಮ ಪುರಾತನ ನೆಲಕ್ಕೆ ಮರಳಬೇಕೆಂಬುದು ಆತನ ದೃಢವಾದ ನಂಬಿಕೆಯೂ ಆಗಿತ್ತು. ವಿದೇಶಾಂಗ ಸಚಿವ ಪಾಮರ್‌ಸ್ಟನ್ ಆತನ ಅತ್ತೆಯನ್ನು ಮದುವೆಯಾಗಿದ್ದರಿಂದ ಇಬ್ಬರೂ ಒಂದೇ ಮನೆತನದವರು. ಆ ವರ್ಷದ ಆಗಸ್ಟಿನಲ್ಲಿ ಊಟದ ಬಳಿಕ ಆಶ್ಲೀ ಪಾಮರ್‌ಸ್ಟನ್ನನ ಮುಂದೆ ತನ್ನ ಯೋಜನೆಯನ್ನಿಟ್ಟ. ಪಾಮರ್‌ಸ್ಟನ್ನನಿಗೆ ಪ್ರವಾದನೆಗಳಲ್ಲಿ ಆಸಕ್ತಿಯಿರಲಿಲ್ಲ. ಆದ್ದರಿಂದ ತಾನು ರಾಜಕೀಯ, ಹಣಕಾಸು, ವಾಣಿಜ್ಯಗಳ ಭಾಷೆಯಲ್ಲಿ ವಾದಿಸಬೇಕಾಯಿತೆಂದು ಆಶ್ಲೀ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಕೆಲವೇ ದಿನಗಳಲ್ಲಿ ಪಾಮರ್‌ಸ್ಟನ್ ಕಾನ್‌ಸ್ಟಾಂಟಿನೋಪಲಿನಲ್ಲಿದ್ದ ಬ್ರಿಟಿಷ್ ರಾಯಭಾರಿ ಪಾನ್ಸನ್‌ಬಿಗೆ ಪತ್ರ ಬರೆದು, ಯಹೂದ್ಯರು ಪ್ಯಾಲೆಸ್ಟೈನಿನಲ್ಲಿ ನೆಲಸುವುದನ್ನು ಪ್ರೋತ್ಸಾಹಿಸುವಂತೆ ಸುಲ್ತಾನನಿಗೆ ತಿಳಿಯಹೇಳಲು ಸೂಚಿಸಿದ. ಆ ಪತ್ರದಲ್ಲಿರುವುದು ಸುಲ್ತಾನನ ಬೊಕ್ಕಸಕ್ಕೂ ಭದ್ರತೆಗೂ ಆಗುವ ಲಾಭದ ಮಾತು; ಪ್ರಕಟನೆ ಗ್ರಂಥದ ಸುಳಿವಿಲ್ಲ.

ಈ ಪ್ರಸಂಗವನ್ನು ಓದಿದಾಗ ನನ್ನ ಪ್ರಬಂಧದ ದೋಷ ಎಲ್ಲಿತ್ತೆಂಬುದು ಹೊಳೆಯಿತು. ಯುಗಾಂತ್ಯವನ್ನು ನಂಬುವ ಅರಸನೊಬ್ಬ ಅದಕ್ಕಾಗಿಯೇ ಯುದ್ಧ ಹೂಡುತ್ತಾನೆ ಎಂಬ ನೇರವಾದ ಕಾರ್ಯಕಾರಣವನ್ನು ನಾನು ಹುಡುಕಿದ್ದೆ. ಇತಿಹಾಸದಲ್ಲಿ ಕಾಣುವುದು ಅದಲ್ಲ. ನಂಬಿಕೆ ಒಬ್ಬನಲ್ಲಿರುತ್ತದೆ, ಅಧಿಕಾರ ಇನ್ನೊಬ್ಬನಲ್ಲಿರುತ್ತದೆ. ನಡುವೆ ನಡೆಯುವುದು ಒಂದು ಬಗೆಯ ಭಾಷಾಂತರ. ಪ್ರವಾದನೆಯು ವಾಣಿಜ್ಯದ, ಭದ್ರತೆಯ, ಮತಗಳಿಕೆಯ ಭಾಷೆಗೆ ತರ್ಜುಮೆಯಾದ ಮೇಲೆಯೇ ಕಡತವನ್ನು ಸೇರುತ್ತದೆ. ಕಡತವನ್ನು ಮಾತ್ರ ಓದುವವನಿಗೆ ನಂಬಿಕೆ ಕಾಣಿಸುವುದಿಲ್ಲ. ನಂಬಿಕೆಯನ್ನು ಮಾತ್ರ ನೋಡುವವನಿಗೆ ಕಡತ ಕಾಣಿಸುವುದಿಲ್ಲ.

1917ರ ನವೆಂಬರ್ 2ರ ಬಾಲ್‌ಫರ್ ಘೋಷಣೆಯನ್ನೂ ಹೀಗೆಯೇ ನೋಡಬೇಕು. ವೇಲ್ಸಿನ ಬ್ಯಾಪ್ಟಿಸ್ಟ್ ವಾತಾವರಣದಲ್ಲಿ ಬೆಳೆದ ಪ್ರಧಾನಿ ಲಾಯ್ಡ್ ಜಾರ್ಜ್, ಬಾಲ್ಯದಲ್ಲಿ ತನ್ನ ನಾಡಿನ ಇತಿಹಾಸಕ್ಕಿಂತ ಯಹೂದ್ಯರ ಇತಿಹಾಸವನ್ನೇ ಹೆಚ್ಚಾಗಿ ಕಲಿತಿದ್ದಾಗಿ ಹೇಳಿಕೊಂಡಿದ್ದಾನೆ. ಆದರೆ ಮಹಾಯುದ್ಧದ ನಡುವೆ ಅಮೆರಿಕ ಮತ್ತು ರಷ್ಯಗಳ ಯಹೂದ್ಯರ ಬೆಂಬಲ ಪಡೆಯುವುದು, ಸೂಯೆಜ್ ಕಾಲುವೆಯ ಪಕ್ಕದ ನೆಲ ಫ್ರಾನ್ಸಿನ ಕೈಗೆ ಹೋಗದಂತೆ ತಡೆಯುವುದು, ವೈಜ್‌ಮನ್ ಮೊದಲಾದ ಜಿಯೋನಿಸ್ಟ್ ನಾಯಕರ ಸತತ ಪ್ರಯತ್ನ, ಇವೆಲ್ಲವೂ ಆ 67 ಪದಗಳ ಹಿಂದಿದ್ದವು. ಬೈಬಲಿನ ಪರಿಚಯ ಮಾಡಿದ ಕೆಲಸವೆಂದರೆ, ಆ ನೆಲ ಮತ್ತು ಆ ಜನ ಕೂಡುವುದು ಸಹಜವೆಂಬ ಭಾವವನ್ನು ಮೊದಲೇ ನೆಟ್ಟದ್ದು. ಅಲ್ಲಿ ಆಗಲೇ ನೆಲಸಿದ್ದ ಬಹುಸಂಖ್ಯಾತ ಅರಬರು ಆ ಘೋಷಣೆಯಲ್ಲಿ ಕಾಣಿಸಿಕೊಳ್ಳುವುದು 'ಯಹೂದ್ಯೇತರ ಸಮುದಾಯಗಳು' ಎಂಬ ನಿಷೇಧರೂಪದ ಹೆಸರಿನಲ್ಲಿ. ಕಥೆಯೊಂದು ಮನಸ್ಸನ್ನು ತುಂಬಿಕೊಂಡಾಗ ಕಥೆಯಲ್ಲಿಲ್ಲದವರು ಹೆಸರಿಲ್ಲದವರಾಗುತ್ತಾರೆ.

ಅಮೆರಿಕದಲ್ಲಿ ಡಾರ್ಬಿಯ ಬೋಧನೆಯಿಂದ ಪ್ರೇರಿತನಾದ ವಿಲಿಯಂ ಬ್ಲಾಕ್‌ಸ್ಟೋನ್ 1891ರಲ್ಲೇ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್‌ಗೆ ಮನವಿಯೊಂದನ್ನು ಸಲ್ಲಿಸಿದ. ರಷ್ಯದಲ್ಲಿ ಹಿಂಸೆಗೊಳಗಾದ ಯಹೂದ್ಯರಿಗೆ ಪ್ಯಾಲೆಸ್ಟೈನನ್ನು ಮರಳಿ ಕೊಡಿಸಬೇಕೆಂಬುದು ಅದರ ಬೇಡಿಕೆ. ರಾಕ್‌ಫೆಲ್ಲರ್, ಮಾರ್ಗನ್, ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಫುಲ್ಲರ್ ಸೇರಿ 413 ಮಂದಿ ಗಣ್ಯರು ಅದಕ್ಕೆ ಸಹಿ ಹಾಕಿದ್ದರು. ಅವರೆಲ್ಲ ಯುಗಾಂತ್ಯವನ್ನು ಎದುರುನೋಡುತ್ತಿದ್ದವರಲ್ಲ. ಥಿಯೊಡೋರ್ ಹರ್ಟ್ಜಲ್‌ನ 'ಯಹೂದಿ ರಾಜ್ಯ' ಪುಸ್ತಕ ಹೊರಬಂದದ್ದು 1896ರಲ್ಲಿ, ಅಂದರೆ ಈ ಮನವಿಯ ಐದು ವರ್ಷಗಳ ಬಳಿಕ ಎಂಬುದನ್ನು ನೆನೆದರೆ ಕ್ರೈಸ್ತರ ಈ ಆಸಕ್ತಿ ಎಷ್ಟು ಹಳೆಯದೆಂಬುದು ತಿಳಿಯುತ್ತದೆ.

1948ರ ಮೇ 14ರಂದು ಇಸ್ರೇಲ್ ರಾಜ್ಯ ಅಸ್ತಿತ್ವಕ್ಕೆ ಬಂದ 11 ನಿಮಿಷಗಳಲ್ಲಿ ಅಧ್ಯಕ್ಷ ಟ್ರೂಮನ್ ಅದಕ್ಕೆ ಮನ್ನಣೆ ನೀಡಿದರು. ವಿದೇಶಾಂಗ ಕಾರ್ಯದರ್ಶಿ ಮಾರ್ಷಲ್ ಇದನ್ನು ತೀವ್ರವಾಗಿ ವಿರೋಧಿಸಿದ್ದರು. ಟ್ರೂಮನ್ ಬೈಬಲನ್ನು ಚೆನ್ನಾಗಿ ಓದಿದ್ದ ಬ್ಯಾಪ್ಟಿಸ್ಟ್. ಬಾಬಿಲೋನಿನಿಂದ ಯಹೂದ್ಯರನ್ನು ಬಿಡುಗಡೆ ಮಾಡಿದ ಪರ್ಶಿಯದ ದೊರೆ ಕೋರೆಷನಿಗೆ ತಮ್ಮನ್ನು ಮುಂದೆ ಹೋಲಿಸಿಕೊಂಡವರು. ಆದರೆ ನಾಜಿಗಳ ನರಮೇಧದಿಂದ ಉಳಿದು ಶಿಬಿರಗಳಲ್ಲಿದ್ದ ನಿರಾಶ್ರಿತರು, ಆ ವರ್ಷದ ಚುನಾವಣೆ, ಸೋವಿಯತ್ ಒಕ್ಕೂಟ ಮೊದಲು ಮನ್ನಣೆ ಕೊಟ್ಟೀತೆಂಬ ಆತಂಕ ಇವು ಯಾವುವನ್ನೂ ಬದಿಗಿಟ್ಟು ಆ ನಿರ್ಧಾರವನ್ನು ವಿವರಿಸಲಾಗದು. ಯುಗಾಂತ್ಯವಾದಿಗಳ ಪಾಲಿಗೆ ಮಾತ್ರ 1948 ಒಂದು ನಿರ್ಣಾಯಕ ಲಕ್ಷಣವಾಯಿತು. 1967ರ ಆರು ದಿನಗಳ ಯುದ್ಧದಲ್ಲಿ ಪೂರ್ವ ಜೆರುಸಲೇಮ್ ಇಸ್ರೇಲಿನ ವಶವಾದಾಗ ಇನ್ನೊಂದು. ಮೊದಲು ನಂಬಿಕೆ ಘಟನೆಯನ್ನು ಬಯಸಿತು. ಆಮೇಲೆ ಘಟನೆ ನಂಬಿಕೆಯನ್ನು ಬೆಳೆಸಿತು.

*

1970ರಲ್ಲಿ ಪ್ರಕಟವಾದ ಹಾಲ್ ಲಿಂಡ್ಸೆಯ ಪುಸ್ತಕ ಈ ಕಥನವನ್ನು ಮನೆಮನೆಗೆ ಮುಟ್ಟಿಸಿತು. ಯೆಹೆಜ್ಕೇಲನ ಗೋಗ್ ಅಂದರೆ ಸೋವಿಯತ್ ರಷ್ಯ ಎಂಬುದು ಅದರ ಸಮೀಕರಣ. ಕ್ಯಾಲಿಫೋರ್ನಿಯದ ಗವರ್ನರ್ ಆಗಿದ್ದಾಗ 1971ರಲ್ಲಿ ರೊನಾಲ್ಡ್ ರೇಗನ್ ಊಟದ ನಡುವೆ ಇದನ್ನೇ ತಮಗೆ ವಿವರಿಸಿದರೆಂದು ರಾಜ್ಯದ ಸೆನೆಟರ್ ಜೇಮ್ಸ್ ಮಿಲ್ಸ್ ಅನಂತರ ಬರೆದಿದ್ದಾರೆ. ಅಣ್ವಸ್ತ್ರಗಳ ಕೀಲಿಕೈ ಇರುವ ಅಧ್ಯಕ್ಷರು ಹರ್ಮಗೆದೋನನ್ನು ನಂಬುತ್ತಾರೆಯೇ ಎಂಬ ಭಯ ಸಹಜವಾಗಿಯೇ ಹಬ್ಬಿತು. 1984ರ ಅಕ್ಟೋಬರಿನ ಚುನಾವಣಾ ಚರ್ಚೆಯಲ್ಲಿ ಪತ್ರಕರ್ತ ಮಾರ್ವಿನ್ ಕಾಲ್ಬ್ ಅದನ್ನು ನೇರವಾಗಿ ಕೇಳಿದರು. ಅಂಥ ವಿಷಯಗಳನ್ನು ತಾತ್ವಿಕವಾಗಿ ಮಾತಾಡಿದ್ದುಂಟು, ಅದು ನಾಳಿದ್ದೋ ಸಾವಿರ ವರ್ಷದ ಆಚೆಗೋ ಯಾರಿಗೂ ತಿಳಿಯದು, ಅದರ ಮೇಲೆ ತಾನು ಯೋಜನೆ ರೂಪಿಸಿಲ್ಲ ಎಂದು ರೇಗನ್ ಉತ್ತರಿಸಿದರು. ಮೂರು ವರ್ಷಗಳ ಬಳಿಕ, 1987ರ ಡಿಸೆಂಬರ್ 8ರಂದು, ಅದೇ ರೇಗನ್ ಗೋರ್ಬಚೆವ್ ಜೊತೆ ಮಧ್ಯಮ ವ್ಯಾಪ್ತಿಯ ಅಣುಕ್ಷಿಪಣಿಗಳನ್ನು ನಾಶಪಡಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಗೋಗನೆಂದು ತಾವೇ ಗುರುತಿಸಿದ್ದ ರಾಜ್ಯದೊಡನೆ! ನಂಬಿಕೆಯಿಂದ ನಡೆಯನ್ನು ಊಹಿಸಹೊರಟ ನನ್ನಂಥವರಿಗೆ ಇದು ಎಚ್ಚರಿಕೆ. ವಿನಾಶದ ಭಯ ಒಬ್ಬನನ್ನು ಕೈಕಟ್ಟಿ ಕೂರಿಸಬಹುದು. ಇನ್ನೊಬ್ಬನನ್ನು ಶಾಂತಿಯ ಕಡೆಗೆ ನೂಕಲೂಬಹುದು.

ಹಾಗಾದರೆ ಪ್ರಭಾವವೇ ಇಲ್ಲವೇ? ಇದೆ, ಆದರೆ ಅದು ಕೆಲಸ ಮಾಡುವುದು ಅಧ್ಯಕ್ಷರ ಮನಸ್ಸಿಗಿಂತ ಹೆಚ್ಚಾಗಿ ಮತದಾರರ ಸಂಘಟನೆಯ ಮೂಲಕ. 1979ರಲ್ಲಿ ಜೆರ್ರಿ ಫಾಲ್ವೆಲ್ ಸ್ಥಾಪಿಸಿದ 'ಮಾರಲ್ ಮೆಜಾರಿಟಿ'ಯಿಂದ 2006ರಲ್ಲಿ ಜಾನ್ ಹೇಗಿ ಸ್ಥಾಪಿಸಿದ 'ಕ್ರಿಶ್ಚಿಯನ್ಸ್ ಯುನೈಟೆಡ್ ಫಾರ್ ಇಸ್ರೇಲ್'ವರೆಗೆ ಈ ಸಂಘಟನೆ ಬೆಳೆದಿದೆ. 1998ರ ಜನವರಿಯಲ್ಲಿ ವಾಷಿಂಗ್ಟನ್ನಿಗೆ ಬಂದ ಇಸ್ರೇಲಿನ ಪ್ರಧಾನಿ ನೆತನ್ಯಾಹು, ಭೂಮಿಯನ್ನು ಬಿಟ್ಟುಕೊಡುವಂತೆ ಒತ್ತಡ ಹೇರುತ್ತಿದ್ದ ಕ್ಲಿಂಟನ್ನರನ್ನು ಕಾಣುವ ಮೊದಲು ಫಾಲ್ವೆಲ್ ಮತ್ತು ಅವರ ಬೆಂಬಲಿಗರನ್ನು ಕಂಡರು. ಜೆರುಸಲೇಮಿಗೆ ರಾಯಭಾರ ಕಚೇರಿಯನ್ನು ಸ್ಥಳಾಂತರಿಸುವ ಕಾನೂನನ್ನು ಅಮೆರಿಕದ ಕಾಂಗ್ರೆಸ್ 1995ರಲ್ಲೇ ಒಪ್ಪಿತ್ತು. ಕ್ಲಿಂಟನ್, ಬುಷ್, ಒಬಾಮ ಮೂವರೂ ಆರು ತಿಂಗಳಿಗೊಮ್ಮೆ ಅದನ್ನು ಮುಂದೂಡುತ್ತ ಬಂದರು. 2017ರ ಡಿಸೆಂಬರ್ 6ರಂದು ಟ್ರಂಪ್ ಜೆರುಸಲೇಮನ್ನು ರಾಜಧಾನಿಯೆಂದು ಮನ್ನಿಸಿದರು. 2018ರ ಮೇ 14ರ ಉದ್ಘಾಟನೆಯಲ್ಲಿ ಪ್ರಾರ್ಥನೆ ಸಲ್ಲಿಸಿದವರಲ್ಲಿ ಹೇಗಿಯೂ ಒಬ್ಬರು. ಅದೇ ದಿನ ಗಾಜಾದ ಗಡಿಯಲ್ಲಿ ಪ್ರತಿಭಟನೆಗೆ ಬಂದ ಹಲವು ಹತ್ತು ಪ್ಯಾಲೆಸ್ಟೀನಿಯರು ಗುಂಡೇಟಿಗೆ ಬಲಿಯಾದರು. 2020ರ ಆಗಸ್ಟಿನಲ್ಲಿ ಪ್ರಚಾರಸಭೆಯೊಂದರಲ್ಲಿ ಟ್ರಂಪ್, ಆ ಕೆಲಸ ಮಾಡಿದ್ದು ಇವಾಂಜೆಲಿಕಲ್ ಜನರಿಗಾಗಿ ಎಂದು ಬಹಿರಂಗವಾಗಿಯೇ ಹೇಳಿದರು. ಟ್ರಂಪ್ ಯುಗಾಂತ್ಯವನ್ನು ನಂಬುತ್ತಾರೆಯೇ ಎಂಬುದು ಇಲ್ಲಿ ಮುಖ್ಯವಲ್ಲ. ಪಾಮರ್‌ಸ್ಟನ್ನನೂ ನಂಬಿರಲಿಲ್ಲ. ಆಶ್ಲೀಯ ಸ್ಥಾನದಲ್ಲಿ ಒಬ್ಬನ ಬದಲು ಕೋಟ್ಯಂತರ ಮಂದಿ ಇದ್ದಾರೆ. ವಾಣಿಜ್ಯದ ಭಾಷೆಯ ಬದಲು ಮತಪತ್ರದ ಭಾಷೆ ಇದೆ. ವಾಷಿಂಗ್ಟನ್ನಿನ ಪ್ಯೂ ಸಂಶೋಧನ ಕೇಂದ್ರದ 2022ರ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕರಲ್ಲಿ 39 ಪ್ರತಿಶತ ಜನ ತಾವು ಅಂತ್ಯಕಾಲದಲ್ಲಿ ಬದುಕುತ್ತಿದ್ದೇವೆಂದು ಹೇಳಿದ್ದರು.

ಈ ಪ್ರಭಾವದ ಇನ್ನೊಂದು ಮುಖ ನಮ್ಮಂಥ ಸಾಹಿತ್ಯದ ಓದುಗರ ಗಮನಕ್ಕೆ ತಕ್ಕದ್ದು. ಟಿಮ್ ಲಹೇ ಮತ್ತು ಜೆರ್ರಿ ಜೆಂಕಿನ್ಸ್ 1995ರಿಂದ ಬರೆದ 'ಲೆಫ್ಟ್ ಬಿಹೈಂಡ್' ಕಾದಂಬರಿ ಮಾಲೆ ಆರು ಕೋಟಿಗೂ ಹೆಚ್ಚು ಪ್ರತಿಗಳಲ್ಲಿ ಮಾರಾಟವಾಗಿದೆ. ಅದರಲ್ಲಿ ಕ್ರಿಸ್ತವಿರೋಧಿಯಾಗಿ ಬರುವವನು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ; ಅವನ ಮುಖ್ಯ ಆಯುಧ ಶಾಂತಿಸಂಧಾನ. ಕಥೆಯಲ್ಲಿ ಶಾಂತಿದೂತನೇ ಖಳನಾದರೆ, ಲೋಕದಲ್ಲಿ ಸಂಧಿಮಾತುಕತೆ ನಡೆಸುವವನ ಮೇಲೆ ಓದುಗನಿಗೆ ಸಂಶಯ ಮೂಡುವುದು ಸಹಜ. ಕದನ ಬಯಸುವವರನ್ನು ಈ ನಂಬಿಕೆ ಹೆಚ್ಚಾಗಿ ಸೃಷ್ಟಿಸುತ್ತದೆ ಎನ್ನಲು ನನಗೆ ಆಧಾರ ದೊರೆಯಲಿಲ್ಲ. ಸಂಧಾನದ ಮೇಲಿನ ನೆಚ್ಚಿಕೆಯನ್ನು ಅದು ಸವೆಸುತ್ತದೆ ಎನ್ನಲು ಆಧಾರವಿದೆ. ಒಂದು ನೆಲವನ್ನು ಇಬ್ಬರು ಹಂಚಿಕೊಳ್ಳುವುದು ದೈವಯೋಜನೆಗೆ ವಿರುದ್ಧವೆಂದು ಬೋಧಿಸಿದಲ್ಲಿ ರಾಜಿ ಎಂಬುದು ದ್ರೋಹವಾಗಿಬಿಡುತ್ತದೆ.

ಇದಕ್ಕೆ ಬೆಲೆ ತೆರುವವರಲ್ಲಿ ಕ್ರೈಸ್ತರೂ ಇದ್ದಾರೆ. 2006ರ ಆಗಸ್ಟಿನಲ್ಲಿ ಜೆರುಸಲೇಮಿನ ಕ್ಯಾಥೊಲಿಕ್, ಸಿರಿಯನ್ ಆರ್ಥೊಡಾಕ್ಸ್, ಆಂಗ್ಲಿಕನ್ ಮತ್ತು ಲೂಥರನ್ ಚರ್ಚುಗಳ ಮುಖ್ಯಸ್ಥರು ಸೇರಿ, ಈ ಬೋಧನೆ ಪ್ರೀತಿ, ನ್ಯಾಯ, ಸಮಾಧಾನಗಳ ಸುವಾರ್ತೆಗೆ ವಿರುದ್ಧವೆಂದು ಪ್ರಕಟಣೆ ಹೊರಡಿಸಿದರು. ಕ್ರಿಸ್ತನು ನಡೆದಾಡಿದ ನೆಲದಲ್ಲೇ ತಲೆಮಾರುಗಳಿಂದ ಬದುಕಿದ ಕ್ರೈಸ್ತರ ಮಾತು, ಟೆಕ್ಸಾಸಿನ ಸಭಾಂಗಣಗಳಲ್ಲಿ ಎಷ್ಟು ಕೇಳಿಸಿತೋ! ಯಹೂದ್ಯರ ಪಾಲಿಗೂ ಈ ಸ್ನೇಹ ನಿಷ್ಕಂಟಕವಲ್ಲ. ಅವರನ್ನು ನೆಲಕ್ಕೆ ಮರಳಿಸುವ ಈ ಕಥೆಯ ಕೊನೆಯ ಅಂಕದಲ್ಲಿ ಅವರಲ್ಲಿ ಬಹುಪಾಲು ಜನ ಅಳಿಯುತ್ತಾರೆ, ಉಳಿದವರು ಮತಾಂತರ ಹೊಂದುತ್ತಾರೆ.

*

ಈ ಓದಿನ ನಡುವೆ ನನಗೆ ಎದುರಾದ ಒಂದು ಹೆಸರು ನನ್ನನ್ನು ನನ್ನ ತರಗತಿಗೇ ಮರಳಿಸಿತು. ಜೋಹಾನ್ ಆಲ್‌ಬ್ರೆಕ್ಟ್ ಬೆಂಗೆಲ್. ಜರ್ಮನಿಯ ವ್ಯುರ್ಟೆಂಬರ್ಗಿನ ಈ ವಿದ್ವಾಂಸ 1687ರಿಂದ 1752ರವರೆಗೆ ಬದುಕಿದ್ದವನು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಸುಮಾರು 30,000 ಪಾಠಾಂತರಗಳಿವೆಯೆಂದು ತಿಳಿದು ತಾರುಣ್ಯದಲ್ಲಿ ಕಳವಳಗೊಂಡು, ಹಸ್ತಪ್ರತಿಗಳನ್ನು ಕುಲಗಳಾಗಿ ವಿಂಗಡಿಸುವ ಕ್ರಮವನ್ನು ಆರಂಭಿಸಿ, 1734ರಲ್ಲಿ ತನ್ನ ಆವೃತ್ತಿಯನ್ನು ಪ್ರಕಟಿಸಿದ. ಎರಡು ಪಾಠಗಳಲ್ಲಿ ಸುಲಭವಾದುದಕ್ಕಿಂತ ಕ್ಲಿಷ್ಟವಾದುದೇ ಗ್ರಾಹ್ಯ, ಏಕೆಂದರೆ ಪ್ರತಿಕಾರ ಕ್ಲಿಷ್ಟವನ್ನು ಸುಲಭಗೊಳಿಸುತ್ತಾನೆಯೇ ಹೊರತು ಸುಲಭವನ್ನು ಕ್ಲಿಷ್ಟಗೊಳಿಸುವುದಿಲ್ಲ ಎಂದು ನಾವು ಗ್ರಂಥಸಂಪಾದನೆಯ ತರಗತಿಯಲ್ಲಿ ಹೇಳುವ ಸೂತ್ರ ಆತನಿಂದ ಬಂದದ್ದು. ಅದೇ ಬೆಂಗೆಲ್ ಪ್ರಕಟನೆ ಗ್ರಂಥದ ಸಂಖ್ಯೆಗಳನ್ನು ಲೆಕ್ಕಹಾಕಿ, ಮಹಾಪರಿವರ್ತನೆ 1836ರಲ್ಲಿ ಆಗುವುದೆಂದು ಸಾರಿದ್ದ! ಅವನ ಪ್ರಭಾವದಲ್ಲಿ ಬೆಳೆದ ವ್ಯುರ್ಟೆಂಬರ್ಗಿನ ಭಕ್ತಿಪಂಥೀಯರಲ್ಲಿ ಒಂದು ಗುಂಪು 1868ರಲ್ಲಿ ಹೈಫಾಕ್ಕೆ ಹೋಗಿ ವಸಾಹತು ಕಟ್ಟಿತು. ಅದೇ ವಲಯದ ಜನ, ಅದೇ ವಲಯದ ಹಣ, 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿಗೆ ಆಧಾರವಾಯಿತು. ಆ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ವ್ಯುರ್ಟೆಂಬರ್ಗಿನವನೇ ಆದ ಹೆರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದದ್ದು, ಕಾಕತಾಳೀಯವಾಗಿ, 1836ರಲ್ಲಿ. 1843ರ 'ಮಂಗಳೂರು ಸಮಾಚಾರ', ಜೈಮಿನಿ ಭಾರತ ಮೊದಲಾದುವನ್ನು ಅಚ್ಚಿನಲ್ಲಿ ತಂದ ಗ್ರಂಥಮಾಲೆ, ಮುಂದೆ ಅದೇ ಮಿಷನ್ನಿನ ಕಿಟೆಲ್ ಸಂಪಾದಿಸಿದ ಕೇಶಿರಾಜನ 'ಶಬ್ದಮಣಿದರ್ಪಣ', 1894ರ ನಿಘಂಟು, ಇವೆಲ್ಲ ಆ ದಾರಿಯಲ್ಲಿ ಬಂದವು. ಅಂತ್ಯಕ್ಕೆ ಮುನ್ನ ಸುವಾರ್ತೆ ಎಲ್ಲ ಜನರಿಗೂ ಮುಟ್ಟಬೇಕೆಂಬ ತವಕ ಒಂದು ಕಡೆ ದೂರದ ನೆಲದ ಒಡೆತನದ ಪ್ರಶ್ನೆಯಾಯಿತು. ಇನ್ನೊಂದು ಕಡೆ ದೂರದ ಭಾಷೆಯ ವ್ಯಾಕರಣವಾಯಿತು. ನಾನು ಪ್ರತಿದಿನ ತೆರೆಯುವ ನಿಘಂಟಿನ ಹಿಂದೆಯೂ ಆ ನಿರೀಕ್ಷೆಯ ಒಂದು ಎಳೆ ಇದೆ ಎಂಬುದು ಸಭೆಯಲ್ಲಿ ನಗು ತರಿಸಿದ ದಿನ ನನಗೆ ತಿಳಿದಿರಲಿಲ್ಲ.

ಆದಿಪುರಾಣದ ಕಾಲಚಕ್ರದಲ್ಲಿ ಏರಿಕೆ ಇಳಿಕೆಗಳು ತಮ್ಮ ಗತಿಯಲ್ಲಿ ಸಾಗುತ್ತವೆ; ಮನುಷ್ಯನು ಅದನ್ನು ತ್ವರೆಗೊಳಿಸಲಾರ. ಆದ್ದರಿಂದ ಅದು ನಿರಪಾಯಕಾರಿ ಎಂದು ನನ್ನ ಪ್ರಬಂಧದಲ್ಲಿ ಹೇಳಿದ್ದೆ. ಅದನ್ನೂ ಈಗ ತಿದ್ದಿಕೊಳ್ಳಬೇಕಾಗಿದೆ. 'ಕಾಲವೇ ಕೆಟ್ಟಿದೆ' ಎಂದು ಕಣ್ಣೆದುರಿನ ಅನ್ಯಾಯಕ್ಕೆ ಬೆನ್ನು ತಿರುಗಿಸಿದವರನ್ನು ನಮ್ಮ ನಡುವೆಯೂ ಕಂಡಿದ್ದೇನೆ, ನಾನೂ ಹಾಗೆ ಮಾಡಿದ್ದೇನೆ. ಕಾಲದ ಯಾವ ಕಲ್ಪನೆಯೂ ತಾನಾಗಿ ಒಳ್ಳೆಯದೋ ಕೆಟ್ಟದ್ದೋ ಆಗುವುದಿಲ್ಲ. ಅದು ಯಾರ ಕೈಯಲ್ಲಿ, ಯಾವ ಭಾಷೆಗೆ ತರ್ಜುಮೆಯಾಗಿ, ಯಾರನ್ನು ಕಥೆಯ ಹೊರಗಿಟ್ಟು ಬಳಕೆಯಾಗುತ್ತದೆ ಎಂಬುದನ್ನು ನೋಡಬೇಕು.

ಬೆಂಗೆಲನ ಬಗ್ಗೆ ಇನ್ನೊಂದು ಮಾತಿದೆ. 1836 ಗಮನಾರ್ಹವಾದ ಬದಲಾವಣೆಯಿಲ್ಲದೆ ಕಳೆದುಹೋದರೆ ತನ್ನ ಗಣನೆಯ ಬುಡದಲ್ಲೇ ದೋಷವಿದೆಯೆಂದು ತಿಳಿಯಬೇಕೆಂದು ಆತನೇ ಬರೆದಿಟ್ಟಿದ್ದ. ಇಪ್ಪತ್ತನೆಯ ಶತಮಾನದ ಬೋಧಕರಲ್ಲಿ ಆ ಧೈರ್ಯ ಅಪರೂಪ. ಜಾನ್ ವಾಲ್ವೂರ್ಡ್ ತೈಲ ಮತ್ತು ಹರ್ಮಗೆದೋನಿನ ಬಗ್ಗೆ 1974ರಲ್ಲಿ ಬರೆದ ಪುಸ್ತಕ, ಕೊಲ್ಲಿ ಯುದ್ಧದ ಹೊಸ್ತಿಲಲ್ಲಿ ಪರಿಷ್ಕೃತವಾಗಿ ಮತ್ತೆ ಹೊರಬಂದು ಹೇರಳವಾಗಿ ಮಾರಾಟವಾಯಿತು. ಸೋವಿಯತ್ ಒಕ್ಕೂಟ ಕುಸಿದರೂ ಗೋಗನ ಹುಡುಕಾಟ ನಿಲ್ಲಲಿಲ್ಲ. ಟೀಕೆ ಬದಲಾಗುತ್ತದೆ, ಟೀಕಾಕಾರ ಮಾತ್ರ ತಪ್ಪಿದೆನೆಂದು ಹೇಳುವುದಿಲ್ಲ.

ಆ ವಿದ್ಯಾರ್ಥಿನಿ ಈಗ ಅಧ್ಯಾಪಕಿ. ಮಿಷನ್ ಮುದ್ರಣಾಲಯದ ಹಳೆಯ ಪುಸ್ತಕಗಳ ಬಗ್ಗೆ ಆಗಾಗ ಕರೆಮಾಡುತ್ತಾಳೆ. ಆಕೆಯ ಅಜ್ಜಿ ಕಳೆದ ವರ್ಷ ತೀರಿಕೊಂಡರಂತೆ. ಕೊನೆಯವರೆಗೂ ರಾತ್ರಿಯ ಪ್ರಾರ್ಥನೆಯನ್ನೂ ಬೆಳಗಿನ ನೀರನ್ನೂ ಬಿಟ್ಟಿರಲಿಲ್ಲವಂತೆ. ನನ್ನ ಪ್ರಬಂಧ ಸಂಕಿರಣದ ಸಂಪುಟದಲ್ಲಿ ಅಚ್ಚಾಗುವ ಮೊದಲು ವಾಟ್ ಅವರ ಆ ಮಾತನ್ನು ತೆಗೆದು, ಅದು ಏಕೆ ತಪ್ಪೆಂದು ಅಡಿಟಿಪ್ಪಣಿ ಬರೆದೆ. ಅಂದು ನಕ್ಕ ಸಭೆಯಲ್ಲಿ ಎಷ್ಟು ಮಂದಿ ಆ ಅಡಿಟಿಪ್ಪಣಿಯನ್ನು ಓದಿದರೋ ತಿಳಿಯದು. ಸುಲಭಪಾಠ ಬೇಗ ಹರಡುತ್ತದೆ. ಕ್ಲಿಷ್ಟಪಾಠವನ್ನು ಹುಡುಕಿಕೊಂಡು ಹೋಗಬೇಕು. ಈಗ ತರಗತಿಯಲ್ಲಿ ಆ ಸೂತ್ರವನ್ನು ಹೇಳುವಾಗ ಬೆಂಗೆಲನ 1836ನ್ನೂ ಹೇಳುತ್ತೇನೆ, ನನ್ನ ತಪ್ಪನ್ನೂ ಹೇಳುತ್ತೇನೆ.